ಬಟ್ಟೆ ಆ ಕಾಲದ್ದು, ಮನಸ್ಸು ಯಾವ ಕಾಲದ್ದು? ವರ್ಷಗಟ್ಟಲೆ ಓಡುವ ಹಳೇ ಕಾಲದ ಧಾರಾವಾಹಿಗಳ ಬಗ್ಗೆ

ಹಳೇಗಡಿಯಾರ

ಹಳೇ ಕಾಲದ ಕಥೆ ಹೇಳುವ ಧಾರಾವಾಹಿಗಳ ಮಾತು ಬಂದರೆ ಚರ್ಚೆಯೆಲ್ಲ ವಸ್ತುಗಳ ಸುತ್ತಲೇ ತಿರುಗುತ್ತದೆ. 2014ರಲ್ಲಿ, ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನ ಮತ್ತು ಅದರ ಆಳುಗಳ ಕಥೆಯಾದ 'ಡೌನ್‌ಟನ್ ಆ್ಯಬಿ'ಯ ಪ್ರಚಾರದ ಫೋಟೋದಲ್ಲಿ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ ಉಳಿದುಬಿಟ್ಟಿತ್ತು. ಎಷ್ಟು ದೊಡ್ಡ ಸುದ್ದಿಯಾಯಿತು ಅಂತ ನೆನಪಿದೆ ಅಲ್ವಾ? 'ಮ್ಯಾಡ್ ಮೆನ್' ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿಯ ಕಥೆ, ಶುರುವಾಗುವುದು 1960ರಲ್ಲಿ. ಆದರೆ ಆಫೀಸಿನ ಮೇಜುಗಳ ಮೇಲೆ ಕಾಣುವ ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರ್ ಮಾರುಕಟ್ಟೆಗೆ ಬಂದದ್ದು 1961ರ ಜುಲೈನಲ್ಲಿ. ಇಂಥದ್ದನ್ನು ಹುಡುಕುವುದು ನನಗೂ ಇಷ್ಟ. ಆದರೆ ಒಂದು ಟೈಪ್‌ರೈಟರ್‌ನಿಂದ ಕಥೆ ಕೆಡುವುದಿಲ್ಲ.

ಕಥೆ ಕೆಡುವುದು ಬೇರೆ ಕಡೆ. ನಮಗೆ ಇಷ್ಟವಾಗಬೇಕಾದ ಪಾತ್ರಗಳೆಲ್ಲ ಇವತ್ತಿನ ಮನಸ್ಸು ಇಟ್ಟುಕೊಂಡು ಓಡಾಡುತ್ತವೆ. ಯಜಮಾನ ಆಳುಗಳನ್ನು ಸಮಾನವಾಗಿ ಕಾಣುತ್ತಾನೆ. ನಾಯಕಿಗೆ ಬೇರೆ ಬಣ್ಣದವರ ಬಗ್ಗೆ, ಬೇರೆ ನಂಬಿಕೆಯವರ ಬಗ್ಗೆ ಒಂದು ಅನುಮಾನವೂ ಇರುವುದಿಲ್ಲ. ಆ ಕಾಲದ ಮಾತುಗಳನ್ನು ಆಡುವುದಕ್ಕೆ ಅಂತಲೇ ಒಬ್ಬ ಕೆಟ್ಟವನನ್ನು ಇಟ್ಟಿರುತ್ತಾರೆ. ನೂರು ವರ್ಷದ ಹಿಂದೆ ನಡೆದ ಅನ್ಯಾಯವೆಲ್ಲ ಕೆಟ್ಟ ಜನರಿಂದಲೇ ಆಯಿತು ಅನ್ನುವ ಹಾಗೆ. ನಿಜವಾಗಿ ಅದನ್ನು ನಡೆಸಿಕೊಂಡು ಹೋದವರು ಒಳ್ಳೆಯವರು. ಮಕ್ಕಳನ್ನು ಪ್ರೀತಿಸುತ್ತಿದ್ದವರು, ಪಕ್ಕದ ಮನೆಯವರ ಕಷ್ಟಕ್ಕೆ ಆಗುತ್ತಿದ್ದವರು.

ಸಿನಿಮಾದಲ್ಲಾದರೆ ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಹತ್ತು ವರ್ಷ ಓಡುವ ಧಾರಾವಾಹಿಯಲ್ಲಿ ಆ ಪಾತ್ರಗಳು ನಮ್ಮ ಮನೆಯವರಂತೆ ಆಗಿಬಿಟ್ಟಿರುತ್ತಾರೆ. ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಹಾಕಲು ಬರೆಯುವವರಿಗೆ ಧೈರ್ಯ ಬರುವುದಿಲ್ಲ. ಒಳ್ಳೆಯವರಿಗೆ ಅವರ ಕಾಲದ ಮನಸ್ಸನ್ನೇ ಬಿಟ್ಟುಕೊಟ್ಟ ಧಾರಾವಾಹಿ ಯಾವುದಾದರೂ ಇದೆಯಾ? ನೋಡಿರುವವರು ಹೇಳಿ.

ನೂಲುಸೂಜಿ

ವಸ್ತು ಬೇರೆ ಮನಸ್ಸು ಬೇರೆ ಅಂತ ನಾನು ಒಪ್ಪುವುದಿಲ್ಲ. ನಾಟಕಗಳಿಗೆ ಬಟ್ಟೆ ಹೊಲಿಯುವುದು ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ. ಕಾರ್ಸೆಟ್ ಅಂದರೆ ಸೊಂಟ ಬಿಗಿಯುವ ಒಳಉಡುಪು; ಅದನ್ನು ಹಾಕಿಕೊಂಡವಳು ಸೋಫಾದಲ್ಲಿ ಕಾಲು ಮಡಚಿ ಕೂರಲಾರಳು, ಓಡಲಾರಳು. ಎದ್ದು ನಿಲ್ಲುವುದಕ್ಕೂ ಒಂದು ಕ್ರಮ ಬೇಕು. ನಾಯಕಿಗೆ ಕಾರ್ಸೆಟ್ ಬೇಡ ಅಂತ ಬಿಟ್ಟುಬಿಟ್ಟರೆ ಆ ದೇಹದ ಮೇಲಿದ್ದ ಕಟ್ಟುಪಾಡೂ ಹೋಯಿತು.

'ಡೌನ್‌ಟನ್'ಗೆ ಇತಿಹಾಸದ ಸಲಹೆಗಾರರಾಗಿದ್ದವರು ಅಲಸ್ಟೇರ್ ಬ್ರೂಸ್. ನಟರು ಕುರ್ಚಿಗೆ ಬೆನ್ನು ಆನಿಸಿ ಕೂರಬಾರದು, ಕೈ ಜೇಬಿಗೆ ಹೋಗಬಾರದು ಅಂತ ಅವರು ಸೆಟ್ಟಿನಲ್ಲೇ ನಿಂತು ತಿದ್ದುತ್ತಿದ್ದರು. ಅದು ಬರೀ ಶಿಸ್ತಲ್ಲ, ಆ ಜನರನ್ನು ಬೆಳೆಸಿದ ರೀತಿಯೇ ಹಾಗಿತ್ತು. ಮೊದಲ ಕಂತಿನಲ್ಲೇ ಪತ್ರಿಕೆಗೆ ಇಸ್ತ್ರಿ ಹಾಕುವ ದೃಶ್ಯ ಇದೆ. ಹಸಿ ಇಂಕು ಯಜಮಾನರ ಬೆರಳಿಗೆ ಮೆತ್ತಬಾರದು ಅಂತ ಒಬ್ಬ ಆಳು ಬೆಳಿಗ್ಗೆ ಬೆಳಿಗ್ಗೆ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿರುತ್ತಾನೆ. ಟೈಟಾನಿಕ್ ಮುಳುಗಿದ ಸುದ್ದಿ ಆ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಳುಗಳಿಗೆ. ಆದರೂ ಯಜಮಾನರು ಓದುವವರೆಗೆ ಅದು ಮನೆಯ ಸುದ್ದಿಯಲ್ಲ! ಯಾರೂ ಭಾಷಣ ಮಾಡದೆ ಇಡೀ ವ್ಯವಸ್ಥೆ ಅಲ್ಲಿ ಕಾಣುತ್ತದೆ.

ಹಳೇಗಡಿಯಾರ

ನೂಲುಸೂಜಿಯವರೇ, ಇಸ್ತ್ರಿಯ ಉದಾಹರಣೆ ತುಂಬಾ ಚೆನ್ನಾಗಿದೆ. ನನ್ನ ತಕರಾರು ಅದೇ ಮನೆಯ ಮುಂದಿನ ಕಥೆಯ ಬಗ್ಗೆ. ಅದೇ ಯಜಮಾನ ಅಡುಗೆಯವಳ ಕಣ್ಣಿನ ಆಪರೇಷನ್‌ಗೆ ಲಂಡನ್ನಿಗೆ ಕಳಿಸುತ್ತಾನೆ, ಆಳುಗಳ ಕಷ್ಟಸುಖಕ್ಕೆಲ್ಲ ಮನೆಮಂದಿ ಬರುತ್ತಾರೆ. ಹಾಗೆ ಮಾಡಿದ ಯಜಮಾನರು ಇರಲಿಲ್ಲ ಅಂತಲ್ಲ. ಆದರೆ 20ನೇ ಶತಮಾನದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಮನೆಗೆಲಸದಲ್ಲಿದ್ದ ಹೆಂಗಸರು ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ಇದ್ದದ್ದು ಇಂಥ ಅರಮನೆಗಳಲ್ಲಲ್ಲ. ಸಣ್ಣ ಮಧ್ಯಮ ವರ್ಗದ ಮನೆಯಲ್ಲಿ ಒಬ್ಬಳೇ ಆಳು. ಕಲ್ಲಿದ್ದಲು ಹೊರುವುದು, ಒಲೆ ಉರಿಸುವುದು, ಪಾತ್ರೆ, ಬಟ್ಟೆ ಎಲ್ಲ ಅವಳದ್ದೇ. ಅವಳ ಕಥೆ ಆರು ಸೀಸನ್ ಓಡುವುದಿಲ್ಲ. ಯಾಕೆಂದರೆ ಅವಳಿಗೆ ಮಾತಾಡಲೂ ಇನ್ನೊಬ್ಬರಿರಲಿಲ್ಲ.

ಮೂರನೇಸಾಲು

ಇಲ್ಲಿ ಇನ್ನೊಂದು ವಿಷಯ ಸೇರಿಸಬೇಕು. ವರ್ಷಗಟ್ಟಲೆ ಓಡುವ ಧಾರಾವಾಹಿಯಲ್ಲಿ ಎರಡು ಕಾಲ ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು ಕಥೆಯ ಕಾಲ, ಇನ್ನೊಂದು ಚಿತ್ರೀಕರಣದ ಕಾಲ. ಇವೆರಡರ ವೇಗ ಒಂದೇ ಇರುವುದಿಲ್ಲ.

ಕೊರಿಯಾ ಯುದ್ಧದಲ್ಲಿ ಅಮೆರಿಕನ್ ಸೈನ್ಯದ ಡೇರೆ ಆಸ್ಪತ್ರೆಯ ಕಥೆ 'ಮ್ಯಾಶ್' ನೋಡಿ. ಕೊರಿಯಾ ಯುದ್ಧ ನಡೆದದ್ದು 1950ರ ಜೂನ್‌ನಿಂದ 1953ರ ಜುಲೈವರೆಗೆ, ಮೂರು ವರ್ಷ. ಧಾರಾವಾಹಿ ಓಡಿದ್ದು 1972ರಿಂದ 1983ರವರೆಗೆ, 11 ಸೀಸನ್. ಶುರುವಾದಾಗ ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿತ್ತು. ಮೊದಲ ಸೀಸನ್‌ಗಳಲ್ಲಿ ನರ್ಸುಗಳನ್ನು ಅಟ್ಟಿಸಿಕೊಂಡು ಹೋಗುವುದೇ ಡಾಕ್ಟರುಗಳ ತಮಾಷೆ. ನರ್ಸುಗಳ ಮುಖ್ಯಸ್ಥೆ ಮೇಜರ್ ಹೂಲಿಹಾನ್ ಅಂದರೆ ನಗೆಪಾಟಲು, ಅವಳಿಗೊಂದು ಅಶ್ಲೀಲ ಅಡ್ಡಹೆಸರು. ಕೊನೆಯ ಸೀಸನ್‌ಗಳಲ್ಲಿ ಅವಳು ಮಾರ್ಗರೆಟ್. ಎಲ್ಲರೂ ಗೌರವಿಸುವ ಅಧಿಕಾರಿ, ಒಬ್ಬಂಟಿತನ ಇರುವ ಮನುಷ್ಯಳು. ಕಥೆಯಲ್ಲಿ ಎರಡು ಮೂರು ವರ್ಷ ಕಳೆದಿರಬಹುದು ಅಷ್ಟೇ. ಬದಲಾದದ್ದು 1970ರ ದಶಕದ ಅಮೆರಿಕ. ಹೆಂಗಸರ ಹಕ್ಕಿನ ಹೋರಾಟ ಬೀದಿಗೆ ಬಂದಿತ್ತು. ಆ ಬದಲಾವಣೆ ಕೊರಿಯಾದ ಡೇರೆಯೊಳಗೆ ನುಗ್ಗಿತು.

'ಹಾರ್ಟ್‌ಬೀಟ್' ಇದಕ್ಕೆ ಪೂರ್ತಿ ಉಲ್ಟಾ. 1992ರಿಂದ 2010ರವರೆಗೆ 18 ಸೀಸನ್ ಓಡಿದರೂ ಯಾರ್ಕ್‌ಶೈರಿನ ಆ ಹಳ್ಳಿ 1960ರ ದಶಕ ಬಿಟ್ಟು ಹೊರಗೆ ಬರಲೇ ಇಲ್ಲ. ಅಲ್ಲಿ ಕಾಲ ನಿಂತುಬಿಟ್ಟಿದೆ, ಹಾಡುಗಳು ಮಾತ್ರ ಚೆನ್ನಾಗಿವೆ.

'ಕಾಲ್ ದ ಮಿಡ್‌ವೈಫ್' ಮೂರನೇ ಥರ. ಲಂಡನ್ನಿನ ಬಡವರ ಬಡಾವಣೆಯಲ್ಲಿ ಹೆರಿಗೆ ಮಾಡಿಸುವ ನರ್ಸುಗಳ, ಕ್ರೈಸ್ತ ಸನ್ಯಾಸಿನಿಯರ ಕಥೆ. 2012ರಲ್ಲಿ ಶುರುವಾದಾಗ ಕಥೆ 1957ರಲ್ಲಿತ್ತು. 2025ರ 14ನೇ ಸೀಸನ್ 1970ಕ್ಕೆ ಬಂದಿತ್ತು. ಹೊರಗೆ 13 ವರ್ಷ, ಒಳಗೂ 13 ವರ್ಷ. ಹೆಜ್ಜೆಗೆ ಹೆಜ್ಜೆ. ಹಾಗಾಗಿ ಪಾತ್ರಗಳ ಮನಸ್ಸು ಬದಲಾಗಲು ನಿಜವಾಗಿ ಸಮಯ ಸಿಗುತ್ತದೆ. ಕಾನೂನು ಬದಲಾಗುತ್ತದೆ, ಔಷಧಿ ಬದಲಾಗುತ್ತದೆ, ಅವರೂ ವಯಸ್ಸಾಗುತ್ತಾರೆ. ಹಳೇ ಕಾಲದ ಧಾರಾವಾಹಿಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ನನಗೆ ಕಂಡಿಲ್ಲ.

ಕಡತ

ಮೂರನೇಸಾಲು ಹೇಳಿದ ಎರಡು ಕಾಲದ ಮಾತಿಗೆ ನನ್ನ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ. ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ಥರದ ಮನೆಯ ಕಥೆಯನ್ನು 40 ವರ್ಷದ ಅಂತರದಲ್ಲಿ ಇಬ್ಬರು ಹೇಳಿದರು. 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' 1971ರಿಂದ 1975ರವರೆಗೆ 68 ಕಂತು ಬಂತು, ಕಥೆ 1903ರಿಂದ 1930. 'ಡೌನ್‌ಟನ್' 2010ರಿಂದ 2015, ಕಥೆ 1912ರಿಂದ 1925ರ ಕೊನೆಯವರೆಗೆ. ಎರಡರಲ್ಲೂ ಟೈಟಾನಿಕ್ ಮುಳುಗುತ್ತದೆ, ಎರಡರಲ್ಲೂ ಮನೆಯವರನ್ನು ಕಳೆದುಕೊಳ್ಳುತ್ತಾರೆ. ಎರಡರಲ್ಲೂ ಗಂಡಸರನ್ನು ಪ್ರೀತಿಸುವ ಒಬ್ಬ ಆಳು ಇದ್ದಾನೆ.

ಕಾನೂನು ಎರಡು ಕಥೆಗೂ ಒಂದೇ. 1885ರ ಕಾಯ್ದೆ ಪ್ರಕಾರ ಗಂಡಸರ ನಡುವಿನ ಸಂಬಂಧಕ್ಕೆ ಎರಡು ವರ್ಷದವರೆಗೆ ಜೈಲು, ಜೊತೆಗೆ ಕಠಿಣ ದುಡಿಮೆಯೂ ಸೇರಬಹುದಿತ್ತು. 1895ರಲ್ಲಿ ಆಸ್ಕರ್ ವೈಲ್ಡ್‌ಗೆ ಶಿಕ್ಷೆಯಾದದ್ದು ಇದರಡಿಯಲ್ಲೇ.

1971ರ ಧಾರಾವಾಹಿಯ ಆಳು ಆಲ್ಫ್ರೆಡ್ ಒಬ್ಬ ಜರ್ಮನ್ ಅತಿಥಿಯ ಜೊತೆ ಓಡಿಹೋಗುತ್ತಾನೆ. ಮುಂದೆ ವಾಪಸ್ ಬರುವುದು ಕೊಲೆಗಾರನಾಗಿ, ನೇಣಿಗೆ ಹೋಗುತ್ತಾನೆ. 'ಡೌನ್‌ಟನ್'ನ ಥಾಮಸ್ ಸಿಕ್ಕಿಬೀಳುತ್ತಾನೆ. ಯಜಮಾನ ಅದನ್ನು ದೊಡ್ಡದು ಮಾಡದೆ ಕೆಲಸದಲ್ಲಿ ಉಳಿಸಿಕೊಳ್ಳುತ್ತಾನೆ. ಕೊನೆಗೆ ಅವನು ಮುಖ್ಯ ಬಟ್ಲರ್, ಅಂದರೆ ಆಳುಗಳ ಮೇಲ್ವಿಚಾರಕ, ಆಗುತ್ತಾನೆ.

ಒಂದರಲ್ಲಿ ನೇಣು, ಇನ್ನೊಂದರಲ್ಲಿ ಬಡ್ತಿ. ಇವುಗಳಲ್ಲಿ ಯಾವುದು ಆ ಕಾಲದ ಸತ್ಯ? ನನ್ನ ಪ್ರಕಾರ ಎರಡೂ ಅಲ್ಲ. ಮೊದಲನೆಯದು ಬಂದಾಗ ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾಗಿ ನಾಲ್ಕೇ ವರ್ಷ ಆಗಿತ್ತು. ಎರಡನೆಯದು ಓಡುತ್ತಿದ್ದಾಗಲೇ, 2014ರ ಮಾರ್ಚ್‌ನಲ್ಲಿ, ಅಲ್ಲಿ ಸಲಿಂಗಿಗಳ ಮದುವೆ ಶುರುವಾಯಿತು. ನೋಡುವವರು ಯಾರು ಅನ್ನುವುದರ ಮೇಲೆ ಪಾತ್ರದ ಹಣೆಬರಹ ಬರೆದಿದ್ದಾರೆ.

ಸಂಜೆಗಾಳಿ

ಕಡತ ಅವರೇ, ಥಾಮಸ್ ವಿಷಯದಲ್ಲಿ ನೀವು ಸ್ವಲ್ಪ ಬಿಗಿ ಹಿಡಿದಿದ್ದೀರಿ. ದೊಡ್ಡ ಮನೆಗಳಲ್ಲಿ ಇಂಥದ್ದನ್ನು ಮುಚ್ಚಿಹಾಕುವುದೇ ರೂಢಿ ಆಗಿತ್ತು. ಪೊಲೀಸರು ಬಂದರೆ ಮರ್ಯಾದೆ ಹೋಗುವುದು ಮನೆತನದ್ದು. ಯಜಮಾನ ಸುಮ್ಮನಿದ್ದದ್ದು ಉದಾರ ಮನಸ್ಸಿನಿಂದಲೇ ಇರಬೇಕಿಲ್ಲ, ಹೆದರಿಕೆಯಿಂದಲೂ ಇರಬಹುದು. ಧಾರಾವಾಹಿ ಆ ಹೆದರಿಕೆಗೆ ಹೆಚ್ಚು ಜಾಗ ಕೊಡದೆ ಅವನನ್ನು ದೊಡ್ಡ ಮನಸ್ಸಿನವನನ್ನಾಗಿ ತೋರಿಸಿತು. ಎಡವಿದ್ದು ಅಲ್ಲಿ. ಘಟನೆ ಸಾಧ್ಯವಿತ್ತು, ಕೊಟ್ಟ ಕಾರಣ ಮಾತ್ರ ಇವತ್ತಿನದು.

ಇನ್ನೊಂದು ಮಾತು. 'ಇವತ್ತಿನ ಮನಸ್ಸು' ಅಂತ ಎಲ್ಲವನ್ನೂ ತಳ್ಳಿಹಾಕಬೇಡಿ. ಕೆನಡಾದ ಪತ್ತೇದಾರಿ ಧಾರಾವಾಹಿ 'ಮರ್ಡಾಕ್ ಮಿಸ್ಟರೀಸ್'ನಲ್ಲಿ 1895ರ ಟೊರಾಂಟೊದಲ್ಲಿ ಶವಪರೀಕ್ಷೆ ಮಾಡುವ ಹೆಂಗಸು ಡಾಕ್ಟರನ್ನು ನೋಡಿ ಇದು ಸುಳ್ಳು ಅಂದವರು ಇದ್ದಾರೆ. ಆದರೆ ಎಮಿಲಿ ಸ್ಟೋವ್, ಜೆನ್ನಿ ಟ್ರೌಟ್ ಇಬ್ಬರೂ ಅದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿ ವೈದ್ಯರಾಗಿದ್ದರು. ಟ್ರೌಟ್‌ಗೆ ಅಧಿಕೃತ ಪರವಾನಗಿ ಸಿಕ್ಕಿದ್ದು 1875ರಲ್ಲಿ. ತಮ್ಮ ಕಾಲವನ್ನು ಎದುರಿಸಿದವರು ಎಲ್ಲ ಕಾಲದಲ್ಲೂ ಇದ್ದರು. ಅವರನ್ನು ತೆಗೆದುಹಾಕಿದರೆ ಅದೂ ಇತಿಹಾಸಕ್ಕೆ ಮೋಸವೇ.

ಹಳೇಗಡಿಯಾರ

ಅಂಥವರು ಇದ್ದರು ಅನ್ನುವುದು ಸರಿ. ಆದರೆ ಅವರು ಕೊಟ್ಟ ಬೆಲೆ? ಅದನ್ನು ತೋರಿಸಬೇಕು. ಧಾರಾವಾಹಿಗಳಲ್ಲಿ ಹೆಂಗಸು ಡಾಕ್ಟರ್ ಒಬ್ಬ ಅಧಿಕಾರಿಗೆ ಖಡಕ್ಕಾಗಿ ಉತ್ತರ ಕೊಡುತ್ತಾಳೆ, ಅವನು ಪೆಚ್ಚಾಗುತ್ತಾನೆ, ಅಲ್ಲಿಗೆ ಮುಗಿಯಿತು. ಸ್ಟೋವ್ ಮತ್ತು ಟ್ರೌಟ್ ತರಗತಿಗೆ ಹೋದಾಗ ಸಹಪಾಠಿಗಳೂ ಕಲಿಸುವವರೂ ಅವರನ್ನು ಅವಮಾನಿಸಿ ಓಡಿಸಲು ನೋಡಿದರು. ಆ ದಣಿವು ದಿನಾ ಇರುತ್ತದೆ ಅಲ್ವಾ? ಖಡಕ್ ಉತ್ತರದಿಂದ ಹೋಗುವಂಥದ್ದಲ್ಲ ಅದು.

ಮುಂಗಾರು

'ಮರ್ಡಾಕ್'ನಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ. ನಾಯಕ ಕ್ಯಾಥೊಲಿಕ್. ಪ್ರೊಟೆಸ್ಟಂಟರ ಊರಿನಲ್ಲಿ ಅದೇ ಕಾರಣಕ್ಕೆ ಅವನಿಗೆ ಬಡ್ತಿ ಸಿಗುವುದಿಲ್ಲ. ಅಂದರೆ ಅವನು ಪೂರ್ವಗ್ರಹದ ಪೆಟ್ಟು ತಿಂದವನು. ಹಾಗಂತ ಅವನು ಎಲ್ಲ ವಿಷಯದಲ್ಲೂ ಉದಾರವಾಗಿಬಿಡುವುದಿಲ್ಲ. ಸಲಿಂಗ ಪ್ರೇಮದ ಪ್ರಕರಣ ಬಂದಾಗ ಮುಜುಗರಪಡುತ್ತಾನೆ. ತಾನು ಪ್ರೀತಿಸುವ ಹೆಂಗಸು ಹಿಂದೆ ಗರ್ಭಪಾತ ಮಾಡಿಸಿಕೊಂಡಿದ್ದಳು ಅಂತ ಗೊತ್ತಾದಾಗ ಅವನಿಂದ ಅದನ್ನು ನುಂಗಲು ಆಗುವುದಿಲ್ಲ. ಅವಳ ಮೇಲಿನ ಪ್ರೀತಿ ಹಾಗೇ ಇದೆ, ಆದರೂ ಆಗುವುದಿಲ್ಲ. ಗಡಿಯಾರದವರು ಕೇಳಿದ್ದು ಇಂಥದ್ದೇ ಅಂದುಕೊಂಡೆ. ಬೇಸರ ಅಂದರೆ ಸೀಸನ್‌ಗಳು ಹೆಚ್ಚಾದ ಹಾಗೆ ಈ ಒರಟು ಅಂಚುಗಳು ಸವೆದುಹೋದವು. 2008ರಲ್ಲಿ ಶುರುವಾದ ಪಾತ್ರ ಬರಬರುತ್ತಾ ಎಲ್ಲರಿಗೂ ಒಪ್ಪಿಗೆಯಾಗುವ ಸಜ್ಜನನಾಗಿಬಿಟ್ಟ.

ಬಿಳಿಕೋಟು

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. 'ಕಾಲ್ ದ ಮಿಡ್‌ವೈಫ್' ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು ಮೆಚ್ಚುಗೆ, ಒಂದು ದೂರು.

ಮೊದಲು ಮೆಚ್ಚುಗೆ. ಥಾಲಿಡೊಮೈಡ್ ಕಥೆ. ಈ ಮಾತ್ರೆ ಬ್ರಿಟನ್ನಿಗೆ ಬಂದದ್ದು 1958ರಲ್ಲಿ, ಅಲ್ಲಿ ಅದರ ಹೆಸರು ಡಿಸ್ಟಾವಲ್. ನಿದ್ದೆ ಬರದವರಿಗೆ, ಬಸುರಿಯರ ವಾಂತಿಗೆ, ಯಾವ ಅಪಾಯವೂ ಇಲ್ಲ ಅಂತ ಹೇಳಿ ಕೊಡುತ್ತಿದ್ದರು. 1961ರ ಕೊನೆಗೆ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ, ಕಿವಿ ಕಣ್ಣುಗಳ ತೊಂದರೆಯೊಂದಿಗೆ ಹುಟ್ಟಿದ್ದರು. ಧಾರಾವಾಹಿಯಲ್ಲಿ ಆ ಮಾತ್ರೆ ಬರೆದುಕೊಡುವುದು ಯಾರು? ಎಲ್ಲರೂ ಪ್ರೀತಿಸುವ ಡಾಕ್ಟರ್ ಟರ್ನರ್. ವಾಂತಿಯಿಂದ ಬಳಲುವ ಹೆಂಗಸಿಗೆ ಕರುಣೆಯಿಂದ ಬರೆದುಕೊಟ್ಟದ್ದು. ಮೊದಲ ಮಗು ಹುಟ್ಟಿದಾಗ ಯಾರಿಗೂ ಕಾರಣ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನೋಡುತ್ತಿರುವ ನಮಗೆ ಗೊತ್ತು. ಆಮೇಲೂ ಕಂತು ಕಂತಿನಲ್ಲಿ ಅವನು ಅದೇ ಮಾತ್ರೆ ಬರೆಯುವುದನ್ನು ನಾವು ನೋಡುತ್ತಾ ಕೂರಬೇಕು. ಕೆಟ್ಟವನು ಒಬ್ಬನೂ ಇಲ್ಲ.

ಇನ್ನೊಂದು ದೃಶ್ಯ ನೆನಪಿಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಹಾಗೆ ಹುಟ್ಟಿದ ಒಂದು ಕೂಸನ್ನು ಆಸ್ಪತ್ರೆಯಲ್ಲಿ ತೆರೆದ ಕಿಟಕಿಯ ಹತ್ತಿರ ಚಳಿಗೆ ಮಲಗಿಸಿಬಿಟ್ಟಿರುತ್ತಾರೆ. ಬದುಕುವುದು ಬೇಡ ಅಂತ. ಸನ್ಯಾಸಿನಿಯರ ಮುಖ್ಯಸ್ಥೆ ಸಿಸ್ಟರ್ ಜೂಲಿಯೆನ್ ಬಂದು ಎತ್ತಿಕೊಳ್ಳುತ್ತಾರೆ. ಅದನ್ನು ಹಾಗೆ ಮಲಗಿಸಿದವರೂ ತಾವು ಮಾಡಿದ್ದು ದಯೆ ಅಂತಲೇ ನಂಬಿದ್ದ ಕಾಲ ಅದು. ಅಂಗವಿಕಲ ಮಗುವಿನ ಬಗ್ಗೆ ಆಗಿನ ಮನೋಭಾವ ಏನು ಅಂತ ಹೇಳಲು ಒಂದು ಕಿಟಕಿ ಸಾಕಾಯಿತು.

ಈಗ ದೂರು. 2018ರ ಸೀಸನ್‌ನಲ್ಲಿ, ಕಥೆಯ ಪ್ರಕಾರ 1963ರಲ್ಲಿ, ಜಮೈಕಾದಿಂದ ಬಂದ ನರ್ಸ್ ಲೂಸಿಲ್ ಬರುತ್ತಾಳೆ. ಅವಳಿಗೆ ಎದುರಾಗುವ ಬಣ್ಣದ ತಾರತಮ್ಯ ಹೆಚ್ಚಾಗಿ ರೋಗಿಯ ಮನೆಯವರ ಬಾಯಲ್ಲಿ, ಬೀದಿಯವರ ಬಾಯಲ್ಲಿ ಬರುತ್ತದೆ. ಜೊತೆಗೆ ಕೆಲಸ ಮಾಡುವವರು, ಸಿಸ್ಟರುಗಳು ಎಲ್ಲ ಅವಳ ಪರ. ನಿಜವಾದ ಆಸ್ಪತ್ರೆಗಳಲ್ಲಿ ಆದದ್ದು ಬೇರೆ. ಕೆರಿಬಿಯನ್‌ನಿಂದ ಕರೆಸಿಕೊಂಡ ಎಷ್ಟೋ ಹುಡುಗಿಯರನ್ನು ಮೂರು ವರ್ಷದ ರಿಜಿಸ್ಟರ್ಡ್ ನರ್ಸ್ ತರಬೇತಿಗೆ ಹಾಕದೆ, ಎರಡು ವರ್ಷದ ಎನ್‌ರೋಲ್ಡ್ ನರ್ಸ್ ತರಬೇತಿಗೆ ಹಾಕಿದರು. ಎಷ್ಟೋ ಜನರಿಗೆ ಆ ಎರಡರ ವ್ಯತ್ಯಾಸ ಯಾರೂ ವಿವರಿಸಲೂ ಇಲ್ಲ. ಕೆಳಗಿನ ಅರ್ಹತೆ, ಬಡ್ತಿ ಇಲ್ಲ, ವಾಪಸ್ ಊರಿಗೆ ಹೋದರೆ ಆ ಸರ್ಟಿಫಿಕೇಟಿಗೆ ಬೆಲೆಯೂ ಇಲ್ಲ. ಇದನ್ನು ಮಾಡಿದ್ದು ಯಾವ ಬಾಯಿಬಡುಕ ನೆರೆಯವನೂ ಅಲ್ಲ. ನರ್ಸುಗಳ ಮೇಲಧಿಕಾರಿಗಳಾದ ಮೇಟ್ರನ್ನುಗಳು, ಆಡಳಿತ ಮಂಡಳಿಯವರು, ಸಭ್ಯ ಜನ, ಒಂದು ಅರ್ಜಿಯ ಮೇಲೆ ಸಹಿ ಹಾಕಿ. ಲೂಸಿಲ್ ಜಾಗದಲ್ಲಿ ಅಂಥ ಒಬ್ಬ ಎನ್‌ರೋಲ್ಡ್ ನರ್ಸ್ ಇದ್ದಿದ್ದರೆ, ಅವಳ ಬಡ್ತಿಯನ್ನು ತಡೆದವರು ನಮಗೆ ಇಷ್ಟವಾದ ಪಾತ್ರವೇ ಆಗಿದ್ದರೆ? ಅಂಥ ಕಥೆಗೆ ನಾನು ಕಾಯುತ್ತಿದ್ದೇನೆ.

ನೂಲುಸೂಜಿ

ಬಿಳಿಕೋಟು ಮೇಡಂ, ಇದು ಓದಿ ಮನಸ್ಸು ಭಾರ ಆಯಿತು. ಸರ್ಟಿಫಿಕೇಟಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮೂರನೇಸಾಲು

ಈ ಧಾರಾವಾಹಿಗೆ ಇನ್ನೊಂದು ಅಭ್ಯಾಸ ಇದೆ. ಒಂದು ಕಂತಿಗೆ ಒಂದು ಸಮಸ್ಯೆ. ಗಂಟೆ ಮುಗಿಯುವುದರೊಳಗೆ ತಪ್ಪು ತಿಳಿದವರು ತಿದ್ದಿಕೊಳ್ಳುತ್ತಾರೆ, ಕೊನೆಗೆ ಕಥೆ ಹೇಳುವ, ಈಗ ವಯಸ್ಸಾದ ನರ್ಸ್ ಜೆನ್ನಿಯ ಧ್ವನಿ ಬಂದು ಎಲ್ಲವನ್ನೂ ಸಮಾಧಾನ ಮಾಡುತ್ತದೆ. ಪೂರ್ವಗ್ರಹ ಅನ್ನುವುದು ವಾರಕ್ಕೊಮ್ಮೆ ಬಂದು ವಾಸಿಯಾಗುವ ಜ್ವರದ ಹಾಗೆ ಆಗಿಬಿಡುತ್ತದೆ. ಥಾಲಿಡೊಮೈಡ್ ಕಥೆ ಅಷ್ಟು ಗಟ್ಟಿಯಾಗಿ ನಿಂತದ್ದು ಅದನ್ನು ಒಂದೇ ಕಂತಿನಲ್ಲಿ ಮುಗಿಸಲಿಲ್ಲ ಅನ್ನುವ ಕಾರಣಕ್ಕೇ. ಆ ಮಕ್ಕಳು ಮುಂದಿನ ಸೀಸನ್‌ಗಳಲ್ಲೂ ಬೆಳೆದು ಕಾಣಿಸಿಕೊಂಡರು.

ಕಡತ

ಒಳ್ಳೆಯವನಿಗೆ ಅವನ ಕಾಲದ ಬುದ್ಧಿಯನ್ನೇ ಕೊಟ್ಟದ್ದಕ್ಕೆ 'ಡೌನ್‌ಟನ್'ನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ, ನ್ಯಾಯವಾಗಿ ಹೇಳಬೇಕು. ಯಜಮಾನನ ಮಗಳು ಸಿಬಿಲ್‌ಳ ಹೆರಿಗೆಯ ಕಂತು. ಊರಿನ ಡಾಕ್ಟರ್ ಕ್ಲಾರ್ಕ್‌ಸನ್ ಅವಳ ಕಾಲು ಊದಿರುವುದನ್ನು ನೋಡುತ್ತಾನೆ, ಮಾತು ತಡವರಿಸುತ್ತಿರುವುದನ್ನು ಗಮನಿಸುತ್ತಾನೆ, ಬಸುರಿಯರ ಜೀವಕ್ಕೇ ಅಪಾಯ ತರುವ ಎಕ್ಲಾಂಪ್ಸಿಯಾ ಇರಬಹುದು ಅಂತ ಎಚ್ಚರಿಸುತ್ತಾನೆ. ಲಂಡನ್ನಿನಿಂದ ಬಂದ 'ಸರ್' ಬಿರುದಿನ ದೊಡ್ಡ ಡಾಕ್ಟರ್ ಏನೂ ಇಲ್ಲ ಅನ್ನುತ್ತಾನೆ. ತಂದೆ ನಂಬುವುದು ಬಿರುದಿನವನನ್ನು. ತಾಯಿಯ ಮಾತು ನಡೆಯುವುದಿಲ್ಲ. ಹೆರುವವಳನ್ನು ಯಾರೂ ಕೇಳುವುದೇ ಇಲ್ಲ. ಮಗಳು ಸಾಯುತ್ತಾಳೆ. ಆ ತಂದೆ ಮಗಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದವನು. ಅಂತಸ್ತಿನ ಮೇಲಿನ ನಂಬಿಕೆ ಅವನ ಒಳಗೆ ಅಷ್ಟು ಆಳವಾಗಿತ್ತು.

ಸಂಜೆಗಾಳಿ

'ಮ್ಯಾಡ್ ಮೆನ್' ಬಗ್ಗೆ ಯಾರೂ ಇನ್ನೂ ಸರಿಯಾಗಿ ಮಾತಾಡಿಲ್ಲ. ಮನೋಭಾವದ ವಿಷಯದಲ್ಲಿ ಅದರಷ್ಟು ಧೈರ್ಯ ಬೇರೆ ಯಾರೂ ತೋರಿಸಿಲ್ಲ ಅನಿಸುತ್ತದೆ. ಎರಡನೇ ಸೀಸನ್, 1962. ನಾಯಕ ಡ್ರೇಪರ್‌ನ ಸಂಸಾರ ಪಾರ್ಕಿಗೆ ಹೋಗಿದೆ. ಹೊರಡುವಾಗ ಅವನ ಹೆಂಡತಿ ಬೆಟಿ ಮಕ್ಕಳ ಕೈ ಸ್ವಚ್ಛವಾಗಿದೆಯಾ ಅಂತ ನೋಡುತ್ತಾಳೆ. ಆಮೇಲೆ ಹಾಸಿದ್ದ ಬಟ್ಟೆಯನ್ನು ಎತ್ತಿ ಕೊಡವುತ್ತಾಳೆ. ಕಾಗದ, ಕಸ ಎಲ್ಲ ಹಸಿರು ಹುಲ್ಲಿನ ಮೇಲೆ ಉಳಿಯುತ್ತದೆ. ಕಾರು ಹೊರಡುತ್ತದೆ. ಕ್ಯಾಮೆರಾ ಅಲ್ಲೇ ನಿಂತಿರುತ್ತದೆ. ಅವಳಿಗೆ ಅದು ತಪ್ಪು ಅಂತ ಹೊಳೆಯುವುದೇ ಇಲ್ಲ.

ಇನ್ನೂ ಕೆಟ್ಟದ್ದು ಮೊದಲ ಸೀಸನ್‌ನಲ್ಲಿದೆ. ಬೆಟಿ ಮನೋವೈದ್ಯರ ಹತ್ತಿರ ಹೋಗಿ ಮನಸ್ಸು ಬಿಚ್ಚಿ ಮಾತಾಡುತ್ತಾಳೆ. ರಾತ್ರಿ ಗಂಡ ಫೋನ್ ಮಾಡಿದರೆ ಡಾಕ್ಟರ್ ಅವಳು ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸುತ್ತಾನೆ. ಇಬ್ಬರು ಗಂಡಸರಿಗೂ ಇದು ಸಹಜ ಸಂಗತಿ. ದುಡ್ಡು ಕೊಡುವವನು ಗಂಡ ತಾನೇ!

ಹಳೇಗಡಿಯಾರ

ಆ ಫೋನಿನ ದೃಶ್ಯ ನನಗೂ ಬಹಳ ಕಾಡಿದೆ. ಆದರೆ ಅದೇ ಸೀಸನ್‌ನ ಇನ್ನೊಂದು ದೃಶ್ಯ ನೋಡಿ. ಮಗಳು ಡ್ರೈಕ್ಲೀನಿಂಗ್‌ನ ಪ್ಲಾಸ್ಟಿಕ್ ಚೀಲವನ್ನು ತಲೆಗೆ ಹಾಕಿಕೊಂಡು ಬರುತ್ತಾಳೆ. ತಾಯಿ ಬೈಯುವುದು ಬಟ್ಟೆ ನೆಲಕ್ಕೆ ಹಾಕಿದೆಯಾ ಅಂತ. ಚೀಲದ ಬಗ್ಗೆ ಒಂದು ಮಾತಿಲ್ಲ. ಇಲ್ಲಿ ಧಾರಾವಾಹಿ ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸುತ್ತದೆ. 'ನೋಡಿ, ಆಗ ಎಷ್ಟು ದಡ್ಡರು!' ಅಂತ. ಆ ಕಾಲದವರಿಗೂ ತಮ್ಮ ಮಕ್ಕಳ ಬಗ್ಗೆ ಹೆದರಿಕೆ ಇತ್ತು. ಆ ಚೀಲಗಳಿಂದ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದಾರೆ ಅನ್ನುವುದು 1959ರಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಥೆ 1960ರದ್ದು. ಅಂದರೆ ಆ ತಾಯಿಗೆ ಗೊತ್ತಿರುವ ಸಾಧ್ಯತೆ ಜಾಸ್ತಿ. ನಾಯಕನನ್ನು ಇವತ್ತಿನವನನ್ನಾಗಿ ಮಾಡುವುದು ಒಂದು ತಪ್ಪಾದರೆ, ಹಳಬರನ್ನು ಪೆದ್ದರನ್ನಾಗಿ ಮಾಡುವುದು ಇನ್ನೊಂದು. ಎರಡರಲ್ಲೂ ನೋಡುವವನಿಗೆ ತಾನೇ ಮೇಲು ಅನಿಸುತ್ತದೆ.

ನೀಲಿಲಾಟೀನು

ಇಷ್ಟು ಹೊತ್ತು ಓದುತ್ತಾ ಇದ್ದೆ, ಒಂದು ಮಾತು ಕೇಳಬೇಕು ಅನಿಸಿತು. ಒಳ್ಳೆಯ ಪಾತ್ರಗಳ ಬಾಯಲ್ಲೂ ಆ ಕಾಲದ ಅವಮಾನದ ಮಾತು ಹಾಕಿ ಅಂತ ಕೇಳುತ್ತಿದ್ದೀರಿ. ಆ ಮಾತುಗಳನ್ನು ನಿಜ ಜೀವನದಲ್ಲಿ ಕೇಳಿಸಿಕೊಂಡು ಬೆಳೆದವರೂ ಧಾರಾವಾಹಿ ನೋಡುತ್ತಾರೆ. ದಿನದ ಕೆಲಸ ಮುಗಿಸಿ ಕೂತಾಗ ಅದೇ ಮಾತನ್ನು ಮತ್ತೆ ಯಾಕೆ ಕೇಳಬೇಕು? ನಿಖರತೆ ಅನ್ನುವ ಹೆಸರಲ್ಲಿ ಹೊಡೆತ ತಿನ್ನುವವರು ಯಾವಾಗಲೂ ಅದೇ ಜನ. 'ಬ್ರಿಜರ್ಟನ್' ಥರದ್ದು 1813ರ ಲಂಡನ್ ಅಂತ ಹೇಳಿ ಬೇರೆಯೇ ಲೋಕ ಕಟ್ಟುತ್ತದೆ, ಎಲ್ಲ ಬಣ್ಣದವರೂ ಅರಮನೆಯಲ್ಲಿ ಕುಣಿಯುತ್ತಾರೆ. ಅದು ಯಾರನ್ನೂ ಮೋಸ ಮಾಡುತ್ತಿಲ್ಲ. ನನಗೆ ಅದು ನೆಮ್ಮದಿ ಕೊಡುತ್ತದೆ.

ಬಿಳಿಕೋಟು

ನೀಲಿಲಾಟೀನು ಅವರೇ, ನಿಮ್ಮ ಪ್ರಶ್ನೆ ದೊಡ್ಡದು. ನನಗೆ ತೋಚುವುದು ಇಷ್ಟು. ಅವಮಾನವನ್ನು ಯಾರ ಕಣ್ಣಿನಿಂದ ತೋರಿಸುತ್ತಾರೆ ಅನ್ನುವುದು ಮುಖ್ಯ. ಅಂಬೇಡ್ಕರ್ ತಮ್ಮ ಶಾಲೆಯ ನೆನಪು ಬರೆದಿದ್ದಾರೆ. ಕೂರಲು ಮನೆಯಿಂದ ಒಂದು ಗೋಣಿತಟ್ಟು ತರಬೇಕಿತ್ತು, ಸಂಜೆ ಅದನ್ನು ವಾಪಸ್ ಒಯ್ಯಬೇಕಿತ್ತು, ಶಾಲೆ ಗುಡಿಸುವ ಆಳು ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ತಿರುಗಿಸಲು ಜವಾನ ಬರಬೇಕು. ಜವಾನ ಬರಲಿಲ್ಲ ಅಂದರೆ ನೀರಿಲ್ಲ. ಇದರಲ್ಲಿ ಒಂದೂ ಬೈಗುಳ ಇಲ್ಲ. ಇಂಥದ್ದನ್ನು ಆ ಹುಡುಗನ ಜೊತೆ ಕೂತು ತೋರಿಸಿದರೆ ಅವಮಾನ ತಿಂದವರಿಗೆ ಅದು ಇನ್ನೊಂದು ಹೊಡೆತ ಆಗುವುದಿಲ್ಲ, ತಮ್ಮ ಬದುಕಿಗೆ ಸಾಕ್ಷಿ ಸಿಕ್ಕ ಹಾಗೆ ಆಗುತ್ತದೆ. ಅಂಬೇಡ್ಕರ್ ಕಥೆಯ 'ಮಹಾನಾಯಕ' ಧಾರಾವಾಹಿ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಜನ ಅದನ್ನು ತಮ್ಮದು ಅಂತ ಅಪ್ಪಿಕೊಂಡದ್ದು ಇದಕ್ಕೇ.

ನೀಲಿಲಾಟೀನು

ಗೋಣಿತಟ್ಟಿನ ಮಾತು ಒಪ್ಪುತ್ತೇನೆ. ಆದರೆ ನೆಮ್ಮದಿಯ ಕಥೆಗೂ ಜಾಗ ಇರಲಿ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮುಂಗಾರು

ಬ್ರಿಟನ್ನಿನ ರಾಜಮನೆತನದ ಕಥೆ 'ದ ಕ್ರೌನ್' ಎಷ್ಟು ನಿಜ ಅನ್ನುವ ಜಗಳ ಇಲ್ಲಿಗೆ ಬೇಡ ಅಂದುಕೊಂಡಿದ್ದೆ, ಆದರೂ ಒಂದು ಸಾಲು. ಬ್ರಿಟನ್ನಿನ ಮಂತ್ರಿಯೇ 2020ರಲ್ಲಿ 'ಇದು ಕಲ್ಪನೆ' ಅಂತ ಸೂಚನೆ ಹಾಕಿ ಅಂದರು. 2022ರಲ್ಲಿ ಟ್ರೇಲರ್ ಜೊತೆ ಅಂಥ ಸಾಲು ಬಂತು. ಯಾವ ಕೋಣೆಯಲ್ಲಿ ಯಾರು ಏನಂದರು ಅನ್ನುವುದಕ್ಕೆ ಸೂಚನೆ ಹಾಕಬಹುದು. ಆ ಕಾಲದ ಮನೋಭಾವ ಹೀಗಿತ್ತು ಅಂತ ತಪ್ಪು ತೋರಿಸಿದರೆ ಅದಕ್ಕೆ ಎಲ್ಲಿ ಹಾಕುತ್ತಾರೆ ಸೂಚನೆ?

ಕಡತ

'ಓಶಿನ್' ನೋಡಿದವರು ಯಾರೂ ಇಲ್ವಾ? ಜಪಾನಿನ ಎನ್‌ಎಚ್‌ಕೆ ವಾಹಿನಿಯಲ್ಲಿ 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ, ದಿನಕ್ಕೆ 15 ನಿಮಿಷದ 297 ಕಂತು. ಸರಾಸರಿ ವೀಕ್ಷಣೆ ಶೇ. 52.6. ಬಡ ರೈತನ ಮಗಳನ್ನು ಒಂದು ಮೂಟೆ ಅಕ್ಕಿಗೆ ಕೆಲಸಕ್ಕೆ ಕಳಿಸುವುದರಿಂದ ಕಥೆ ಶುರು. ಎಲ್ಲರಿಗೂ ನೆನಪಿರುವುದು ಆ ಪುಟ್ಟ ಹುಡುಗಿ ಹಿಮದಲ್ಲಿ ನಡೆಯುವುದು, ಆಮೇಲೆ ಅತ್ತೆಯ ಕಾಟ.

ನನಗೆ ಮುಖ್ಯ ಅನಿಸಿದ್ದು ಯುದ್ಧದ ಭಾಗ. ಓಶಿನ್‌ಳ ಗಂಡ ಸೈನ್ಯಕ್ಕೆ ಮಾಲು ಪೂರೈಸಿ ದುಡ್ಡು ಮಾಡುತ್ತಾನೆ, ಯುದ್ಧವನ್ನು ಮನಸಾರೆ ಬೆಂಬಲಿಸುತ್ತಾನೆ. ಮನೆ ಚೆನ್ನಾಗಿ ನಡೆಯುತ್ತದೆ. ಓಶಿನ್‌ಗೆ ಯುದ್ಧ ಬೇಡ, ಆದರೆ ಅದರಿಂದ ಬಂದ ಅನುಕೂಲ ಅವಳ ಮನೆಯಲ್ಲೂ ಇದೆ. ಮಗ ಯುದ್ಧದಲ್ಲಿ ಸಾಯುತ್ತಾನೆ. 1945ರಲ್ಲಿ ಸೋತ ಮೇಲೆ ಗಂಡ ಪ್ರಾಣ ಕಳೆದುಕೊಳ್ಳುತ್ತಾನೆ. ಅಷ್ಟು ಕಷ್ಟ ಉಂಡ, ದೇಶವೇ ಪ್ರೀತಿಸಿದ ನಾಯಕಿಯನ್ನು ಆ ಪಾಪದ ಹೊರಗೆ ನಿಲ್ಲಿಸಲಿಲ್ಲ. ಅದನ್ನು ನೋಡುತ್ತಿದ್ದವರಲ್ಲಿ ಆ ಯುದ್ಧ ಕಂಡವರೇ ಕೋಟಿಗಟ್ಟಲೆ ಇದ್ದರು. ಗಡಿಯಾರದವರು ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು.

ಹಳೇಗಡಿಯಾರ

ಕಡತ ಅವರೇ, ನಾನು 'ಓಶಿನ್' ಪೂರ್ತಿ ನೋಡಿಲ್ಲ, ಈ ವಾರವೇ ಹುಡುಕುತ್ತೇನೆ. ದಿನಾ ಬರುವ ಧಾರಾವಾಹಿಯಲ್ಲಿ ಇಷ್ಟು ಸಾಧ್ಯ ಅಂದರೆ ಬೇರೆಯವರು ಯಾಕೆ ಹಿಂಜರಿಯುತ್ತಾರೋ!

ಮೂರನೇಸಾಲು

ಬಿಳಿಕೋಟು ಮೇಡಂ, ನಿಮ್ಮನ್ನು ಇನ್ನೊಂದು ಕೇಳಬೇಕು. 'ಕಾಲ್ ದ ಮಿಡ್‌ವೈಫ್' 1970ಕ್ಕೆ ಬಂತು ಅಂದೆನಲ್ಲ. ಅದೇ ವರ್ಷ ಬ್ರಿಟನ್ನಿನ ಪೀಲ್ ಸಮಿತಿಯ ವರದಿ ಬಂತು, ಎಲ್ಲ ಹೆರಿಗೆಗೂ ಆಸ್ಪತ್ರೆಯಲ್ಲಿ ಹಾಸಿಗೆ ಇರಬೇಕು ಅಂತ. ಸೈಕಲ್ ಹತ್ತಿ ಮನೆಮನೆಗೆ ಹೋಗುತ್ತಿದ್ದ ಸೂಲಗಿತ್ತಿಯರ ಕೆಲಸವೇ ಇಲ್ಲದಂತಾಗುತ್ತದೆ. ಇದರಲ್ಲಿ ಆಸ್ಪತ್ರೆಯವರನ್ನು ಕೆಟ್ಟವರನ್ನಾಗಿ ಮಾಡಿಬಿಡುತ್ತಾರೆ ಅಂತ ನನಗೆ ಭಯ.

ಬಿಳಿಕೋಟು

ನನಗೂ ಅದೇ ಭಯ. ಮನೆಯ ಹೆರಿಗೆಯಲ್ಲಿ ಹೆಂಗಸಿಗೆ ಗೊತ್ತಿರುವ ಮುಖ ಜೊತೆಗಿರುತ್ತಿತ್ತು, ತನ್ನದೇ ಹಾಸಿಗೆ, ಅವಳ ಮಾತು ನಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಗುಪ್ತಾಂಗದ ಕೂದಲು ಬೋಳಿಸುವುದು, ಎನಿಮಾ, ಗಂಡನನ್ನು ಹೊರಗೆ ನಿಲ್ಲಿಸುವುದು, ಮಗುವನ್ನು ನರ್ಸರಿಗೆ ಒಯ್ಯುವುದು. ಇದೆಲ್ಲ ನಿಜ. ಆದರೆ ರಕ್ತಸ್ರಾವ ನಿಲ್ಲದೇ ಹೋದರೆ ಬಾಟಲಿ ರಕ್ತ ಇರುವುದು ಅಲ್ಲೇ, ಆಪರೇಷನ್ ಕೋಣೆ ಇರುವುದೂ ಅಲ್ಲೇ. ಪೀಲ್ ಸಮಿತಿಯವರು ತಾಯಿ ಮಗು ಉಳಿಯಲಿ ಅಂತಲೇ ಹೇಳಿದವರು. ಹೆಂಗಸರಿಗೆ ಏನು ಬೇಕು ಅಂತ ಮಾತ್ರ ಸರಿಯಾಗಿ ಕೇಳಲಿಲ್ಲ.

ನಾನು ಬರೆಯುವವಳಾಗಿದ್ದರೆ ಆ ವರದಿಯನ್ನು ಡಾಕ್ಟರ್ ಟರ್ನರ್ ಕೈಯಲ್ಲೇ ಕೊಡುತ್ತಿದ್ದೆ. ಡಿಸ್ಟಾವಲ್ ಬರೆದುಕೊಟ್ಟ ಕೈ ಅದು. ಇನ್ನೆಂದೂ ಒಂದು ಮಗುವಿಗೂ ಅಪಾಯ ಆಗಬಾರದು ಅಂತ ಹಠ ಹಿಡಿದಿರುವವನು. ಅವನೇ ಹೋಗಿ ಸಿಸ್ಟರ್ ಜೂಲಿಯೆನ್ ಎದುರು ಕೂತು, ಮನೆ ಹೆರಿಗೆ ನಿಲ್ಲಿಸೋಣ ಅಂತ ಹೇಳಲಿ. ಇಬ್ಬರೂ ಪರಸ್ಪರ ಗೌರವ ಇರುವವರು. ಅವರು ಆ ಮೇಜಿನ ಎರಡು ಕಡೆ ಕೂತು ಒಂದಿಡೀ ಸೀಸನ್ ಒಪ್ಪದೇ ಇರಲಿ.